ಸೌಟಿನ ದನಿ

ಟೀವಿಯ ಗೊಂಬೆ ಕಾರ್ಟೂನ್ ಸ್ಪೆಷಲ್ ಎಂದರೆ ಕಥೆಯ ವೇಷ ಹಾಕಿದ ಜಾಹೀರಾತು. ಇದು ನಿಮಗೂ ಗೊತ್ತು. ಗೊತ್ತಿಲ್ಲದಿರುವುದು ಆ ಗೊಂಬೆಗೆ ದನಿ ಕೊಡುವ ಅಜ್ಜಿ. ಮೈಕಿನ ಮುಂದೆ ಬಳೆ ಬಿಚ್ಚಿಟ್ಟು, ಬಿಸಿನೀರು ಗುಟುಕರಿಸಿ, ಮೂಗಿನಲ್ಲೇ ನಕ್ಕರೆ ಅವಳು ಪುಟ್ಟ ಮಗು. ತರಕಾರಿಯವನ ಹತ್ತಿರ ಚೌಕಾಸಿಗೆ ನಿಂತರೂ ಬೀದಿಯ ಮಕ್ಕಳೆಲ್ಲ ಗೊಂಬೆಯೇ ಬಂತೆಂದು ಕಿಟಕಿಗೆ ಓಡಿಬರುತ್ತಾರೆ. ಒಂದು ಸಾಲನ್ನು ಮಾತ್ರ ಅವಳು ಸುತರಾಂ ಹೇಳುವುದಿಲ್ಲ: 'ನನ್ನನ್ನ ಈಗಲೇ ಕೊಡಿಸು ಅಂತ ಅಮ್ಮನ ಹತ್ರ ಹಟ ಮಾಡು, ಪುಟ್ಟಾ.' "ಹೇಳ್ದಿದ್ರೆ ಬೇರೆಯವರನ್ನ ಕರೀತೀವಿ, ಅಮ್ಮಾ," ಎಂದು ಗೊಂಬೆ ಕಂಪನಿಯ ಮ್ಯಾನೇಜರು ಪ್ರತಿಸಲ ಹೆದರಿಸುತ್ತಿದ್ದ. "ಕರೀರಿ ಸಾರ್. ಬಾಡಿಗೆಗೆ ಕೊಟ್ಟಿರೋದು ನನ್ನ ಗಂಟಲು, ಮಕ್ಕಳ ಹಟ ಅಲ್ಲ." ಈ ಸಲ ಕರೆದೇಬಿಟ್ಟರು. ಅವಳು ಬಳೆ ಏರಿಸಿಕೊಂಡು ಮನೆಗೆ ಬಂದಳು. ಅವಳ ಮೊಮ್ಮಗಳ ಬಳಿ ಆ ಗೊಂಬೆಯಿಲ್ಲ. ಕಾಡಿಗೆಯಲ್ಲಿ ಕಣ್ಣು ಬರೆದ ಒಂದು ಮರದ ಸೌಟಿದೆ, ಅಜ್ಜಿ ಅದಕ್ಕೆ ಗೊಂಬೆಯ ಅದೇ ದನಿ ಕೊಡುತ್ತಾಳೆ. ಪಕ್ಕದ ಮನೆಯ ಹುಡುಗಿ ಹೊಸ ಗೊಂಬೆ ತಂದು ಮೆರೆದರೆ, "ನಿಮ್ ಗೊಂಬೆಗೆ ದನಿ ಕಲಿಸಿದ್ದೇ ನಮ್ ಸೌಟು ಕಣೇ," ಎನ್ನುತ್ತಾಳೆ ಮೊಮ್ಮಗಳು. ಈ ಭಾನುವಾರ, ಅಜ್ಜಿ ಹೇಳದ ಆ ಸಾಲನ್ನು ಹೊಸ ದನಿ ನಿಮ್ಮ ಮಗುವಿನ ಕಿವಿಗೆ ಹಾಕಲಿದೆ. ಟೀವಿ ಆಫ್ ಮಾಡಿ, ಅಡುಗೆಮನೆಯಿಂದ ಒಂದು ಸೌಟು ತಂದು ಅದಕ್ಕೆ ನೀವೇ ದನಿ ಕೊಡಿ.