ಗುಡುಗಣ್ಣನ ಕಚ್ಚಾ ಟೇಕು

ಬಸ್ ನಿಲ್ದಾಣದ ಮೈಕಿನಲ್ಲಿ ಕೇಳುವ ದನಿಗೂ ಒಂದು ಮುಖ, ಒಂದು ಹೊಟ್ಟೆ, ಒಂದು ಸಂಸಾರ ಇರುತ್ತದೆ ಎಂದು ಯಾವ ಪ್ರಯಾಣಿಕನೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅವನಿಗೆ ಬಸ್ಸು ಸಿಕ್ಕರೆ ಸಾಕು. ಹೀಗಾಗಿ ಗುಡುಗಣ್ಣನ ದನಿ ಊರಿಗೆಲ್ಲ ಗೊತ್ತಿತ್ತು, ಗುಡುಗಣ್ಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಯಾವ ಬಸ್ಸು, ಯಾವ ಪ್ಲಾಟ್‌ಫಾರ್ಮು, ಎಷ್ಟು ತಡ ಎಂದು ಗಾಜಿನ ಗೂಡಿನಲ್ಲಿ ಕೂತು ಕೂಗುವುದು ಅವನ ನೌಕರಿ. ಸಂಜೆಯಾದರೆ ಅವನು ರ‍್ಯಾಪರ್.

ಅವನು ಶುರುಮಾಡಿದ ಕಾಲಕ್ಕೆ ಅದನ್ನು ಏನೆಂದು ಕರೆಯಬೇಕೆಂದು ಜನಕ್ಕೆ ತಿಳಿದಿರಲಿಲ್ಲ. ಮದುವೆಯ ಮಾತುಕತೆಯಲ್ಲಿ ಭಾವೀ ಮಾವ, "ಒಂದು ಹಾಡು ಹೇಳಿ" ಎಂದು ಕೇಳಿ, ಕೇಳಿದ ಮೇಲೆ, "ಇದು ಹಾಡೋ ಬೈಗುಳವೋ?" ಎಂದು ಮಗಳ ಮುಖ ನೋಡಿದ್ದರು. ಮಗಳು ಬೋರ್ಡು ಬರೆಯುವ ಕೆಲಸದವಳು, ಅಂಗಡಿ ಹೆಸರುಗಳನ್ನು ಏಣಿ ಮೇಲೆ ನಿಂತು ಬರೆಯುತ್ತಿದ್ದವಳು. "ಎರಡೂ ಅಪ್ಪ, ನಂಗೆ ಇಷ್ಟ ಆಯ್ತು" ಎಂದಳು. ಅಲ್ಲಿಗೆ ಮದುವೆ ಗಟ್ಟಿಯಾಯಿತು.

ಅವನ ಹಾಡುಗಳನ್ನು ರೆಕಾರ್ಡ್ ಮಾಡುತ್ತಿದ್ದವನು ಹಳೆಯ ಗೆಳೆಯ, ಹಾಸಿಗೆ ಅಂಗಡಿಯವನು. ಗೆಳೆಯರ ಗುಂಪಿನಲ್ಲಿ ಅವನಿಗೆ 'ಕಿವಿ' ಎಂದೇ ಹೆಸರು. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಸೂರಿನ ತನಕ ಒಟ್ಟಿದ ಹಾಸಿಗೆಗಳು ಹೊರಗಿನ ಹಾರ್ನನ್ನೆಲ್ಲ ನುಂಗಿಬಿಡುತ್ತಿದ್ದವು. ಲಕ್ಷಗಟ್ಟಲೆ ಸುರಿದು ಕಟ್ಟಿದ ಸ್ಟುಡಿಯೋದಲ್ಲೂ ಅಂಥ ಮೌನ ಸಿಗುವುದಿಲ್ಲ ಎಂದು ಕಿವಿ ಜಂಬ ಕೊಚ್ಚಿಕೊಳ್ಳುತ್ತಿದ್ದ. ಹತ್ತಿಯ ಧೂಳಿಗೆ ಇಬ್ಬರೂ ಸೀನುತ್ತಿದ್ದರು, ಅದು ಬೇರೆ ವಿಷಯ.

ಅಲ್ಲಿ ಅವರದೊಂದು ಪದ್ಧತಿ ಇತ್ತು. ಗುಡುಗಣ್ಣ ಮೊದಲು ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹರಟೆ ಹೊಡೆಯುವವನಂತೆ ಹಾಡನ್ನು ಒಮ್ಮೆ ಹೇಳಿಬಿಡುತ್ತಿದ್ದ. ತಾಳ ಎಲ್ಲಿ ಬೀಳುತ್ತದೆ, ಉಸಿರು ಎಲ್ಲಿ ಎಳೆಯಬೇಕು ಎಂದು ಗುರುತು ಮಾಡಿಕೊಳ್ಳಲು. ಅದು ಕಚ್ಚಾ ಟೇಕು. ಪಕ್ಕಾ ಟೇಕಿಗೆ ಎದ್ದು ನಿಲ್ಲುತ್ತಿದ್ದ. ನಿಂತೊಡನೆ ಬೆರಳಿನಿಂದ ಒಂದು ಚಿಟಿಕೆ. ಚಿಟಿಕೆ ಬಿದ್ದರೆ ಕಿವಿ ಕಚ್ಚಾ ಅಳಿಸಬೇಕು. "ಅದು ಉಳಿದ್ರೆ ನಾಲಿಗೆಗೆ ಸೋಮಾರಿತನ ಬರುತ್ತೆ ಕಣೋ. ಹಿಂದೆ ಮೆತ್ತೆ ಇದೆ ಅಂತ ಗೊತ್ತಿದ್ರೆ ಯಾರು ತಾನೇ ನೆಟ್ಟಗೆ ನಿಲ್ತಾರೆ?" ಎನ್ನುವುದು ಗುಡುಗಣ್ಣನ ವಾದ. ಪ್ರಾಯದಲ್ಲಿ ಹುಟ್ಟಿದ ಈ ಹುಂಬತನ ತಲೆ ನರೆತರೂ ಹೋಗಲಿಲ್ಲ. ಕಿವಿಯ ಬೆರಳಿಗೂ ಅದು ಅಭ್ಯಾಸವಾಗಿ, ಚಿಟಿಕೆಗೂ ಅಳಿಸುವುದಕ್ಕೂ ನಡುವೆ ಯೋಚನೆ ಎಂಬುದೇ ಉಳಿದಿರಲಿಲ್ಲ.

ಹಳೆಯ ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹಾಳಾಗಿದ್ದವು. ಅವನ ಸಾಲುಗಳನ್ನು ಎತ್ತಿಕೊಂಡು ಹೆಸರು ಮಾಡಿದವರು ಅವನ ಹೆಸರನ್ನು ಎಲ್ಲೂ ಎತ್ತಲಿಲ್ಲ. ಕೂಗಿದ್ದೆಲ್ಲ ಗಾಳಿಗೆ ಹೋಯಿತು ಎಂಬ ಕೊರಗು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಅದಕ್ಕೇ ಬಹಳ ವರ್ಷಗಳ ಮೇಲೆ ಹೊಸ ಆಲ್ಬಂಗೆ ಕೈ ಹಾಕಿದ. ಹೆಸರು 'ನಿಂತೇ ಪ್ರಯಾಣ'. ಹೆಂಡತಿ ಅದರ ಮುಖಚಿತ್ರವನ್ನು ಕಾಗದದ ಮೇಲಲ್ಲ, ಡಿಪೋದ ಉದ್ದನೆಯ ಕಾಂಪೌಂಡ್ ಗೋಡೆಯ ಮೇಲೆ ಬರೆಯಲು ಒಪ್ಪಿಗೆ ತಂದಳು. ಗಂಡನ ಮುಖ, ತೆರೆದ ಬಾಯಿ, ಆ ಬಾಯಿಯಿಂದ ಹೊರಡುತ್ತಿರುವ ಬಸ್ಸುಗಳ ಸಾಲು. ಕೆಳಗೆ ದಪ್ಪಕ್ಷರದಲ್ಲಿ 'ಬರುತ್ತಿದೆ'. ಹಾಡುಗಳನ್ನೆಲ್ಲ ಪೋಣಿಸಿ ಒಂದು ರಂಗಪ್ರಯೋಗ ಮಾಡುವ ಮಾತೂ ಆಗಿತ್ತು, ಹಾಸಿಗೆಗಳನ್ನೇ ಬಸ್ಸಿನ ಸೀಟು ಮಾಡಿ.

"ಇದೊಂದು ಆಗಿಬಿಡ್ಲಿ, ಆಮೇಲೆ ಬಾಯಿ ಮುಚ್ಕೊಂಡು ಕೂತ್ಕೋತೀನಿ" ಎಂದ ಗುಡುಗಣ್ಣ.

"ನೀವು? ಬಾಯಿ ಮುಚ್ಕೊಂಡು?" ಎಂದು ಹೆಂಡತಿ ಏಣಿಯ ಮೇಲಿಂದಲೇ ನಕ್ಕಳು. ಪಾಪ, ನಕ್ಕಳು.

ಈ ಸಲ ಮೊದಲು ಹಾಡುಗಳಷ್ಟೂ ಕಚ್ಚಾ ಆಗಿ ಮುಗಿದವು, ಪಕ್ಕಾ ಕಡೆಗೆ ಒಟ್ಟಿಗೆ ಎಂದಾಗಿತ್ತು. ಅವನು ಅಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ ಎನ್ನುತ್ತಾನೆ ಕಿವಿ.

"ಹೊಗೆ ಕುಡಿದು ಬೆಳೆದೆ, ಹಗೆ ಮರೆತು ನಡೆದೆ,
ನಗೆ ಎಂದು ನೀ ತಿಳಿದೆ, ಬಗೆಹರಿಯದೆ ನಾ ಉರಿದೆ"

ಎಂಬಲ್ಲಿ ಅವನು ದನಿ ಏರಿಸದೆ, ಇಳಿಸಿಬಿಟ್ಟಿದ್ದನಂತೆ. ಕಿವಿ ಕಣ್ಣು ತುಂಬಿಕೊಂಡು, ಹತ್ತಿಯ ಧೂಳು ಎಂದು ಸುಳ್ಳು ಹೇಳಿದನಂತೆ.

ಅದೇ ದಿನಗಳಲ್ಲಿ ನಿಲ್ದಾಣದ ಸಾಹೇಬರು ಅವನನ್ನು ಕರೆದು, ಇನ್ನು ಮುಂದೆ ಕಂಪ್ಯೂಟರೇ ಕೂಗುತ್ತದೆ, ಊರುಗಳ ಹೆಸರು, ಅಂಕಿಗಳು, 'ಹೊರಡಲಿದೆ', 'ತಡವಾಗಿ ಬರಲಿದೆ', ಎಲ್ಲ ಬಿಡಿಬಿಡಿಯಾಗಿ ಹೇಳಿ ಕೊಡು ಎಂದರು. ಗುಡುಗಣ್ಣ ಊಟದ ಬಿಡುವಿನಲ್ಲಿ, ಆಕಳಿಸುತ್ತ, ಕಾಟಾಚಾರಕ್ಕೆ ಹೇಳಿ ಕೈ ತೊಳೆದುಕೊಂಡ. ಅದನ್ನು ಮಾತ್ರ ಅವರು ಜೋಪಾನವಾಗಿ ಎರಡು ಮೂರು ಕಡೆ ಎತ್ತಿಟ್ಟರು.

ಆಮೇಲೆ ಗಂಟಲು ಕೆರೆಯಿತು. ಧೂಳೆಂದ, ಚಳಿಯೆಂದ, ಬಿಸಿನೀರು ಕುಡಿದ. ಕಡೆಗೆ ಹೆಂಡತಿ ಎಳೆದುಕೊಂಡು ಹೋದಾಗ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು. ಡಾಕ್ಟರು ಕುರ್ಚಿ ಎಳೆದುಕೊಂಡರೆ ಸುದ್ದಿ ಒಳ್ಳೆಯದಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತಡಮಾಡುವಂತಿಲ್ಲ ಎಂದರು.

"ಜೀವ ಉಳಿಯುತ್ತಲ್ಲ ರೀ" ಎಂದು ದಾರಿಯುದ್ದಕ್ಕೂ ಹೆಂಡತಿ ಹೇಳಿದಳು. ಅವನಿಗೆ ಒಂದೇ ಧ್ಯಾನ. ಆಸ್ಪತ್ರೆಗೆ ಸೇರುವ ಮೊದಲು ಪಕ್ಕಾ ಟೇಕು ಮುಗಿಸಬೇಕು. ಸಾಯುವ ಭಯಕ್ಕಿಂತ ಆ ಭಯ ದೊಡ್ಡದಾಗಿತ್ತು.

ಮರುದಿನ ಮಧ್ಯಾಹ್ನವೇ ಗೋದಾಮಿಗೆ ಬಂದ. ಅಂದು ಗಂಟಲು ಸ್ವಲ್ಪ ತಿಳಿಯಾಗಿತ್ತು, ಮುಖದಲ್ಲಿ ಗೆಲುವಿತ್ತು. ಎದ್ದು ನಿಂತ. ಚಿಟಿಕೆ ಹೊಡೆದ. ಕಿವಿ, ಒಂದೊಂದಾಗಿ ಏಕೆ, ಇವತ್ತು ಎಲ್ಲವೂ ಪಕ್ಕಾ ಆಗಬೇಕಲ್ಲ ಎಂದು, ಅಷ್ಟೂ ಕಚ್ಚಾಗಳನ್ನು ಒಂದೇ ಬಾರಿಗೆ ಅಳಿಸಿಬಿಟ್ಟ. ಇಬ್ಬರಲ್ಲಿ ಒಬ್ಬನಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮೊದಲ ಸಾಲು ಬಂತು. ಎರಡನೆಯದರಲ್ಲಿ ದನಿ ಸೀಳಿತು. ನೀರು ಕುಡಿದು ಮತ್ತೆ ಹೇಳಿದ, ಮತ್ತೆ ಸೀಳಿತು. ಹಾಡು ಬದಲಿಸಿದರು, ವೇಗ ತಗ್ಗಿಸಿದರು, ಕೂತು ಹೇಳಿದ್ದೂ ಆಯಿತು. ಬಿಸಿಲು ಇಳಿಯುವ ಹೊತ್ತಿಗೆ ಬರೀ ಗಾಳಿ ಬರುತ್ತಿತ್ತು. ಕಡೆಗೆ ಅವನು ಹಾಸಿಗೆಯ ಮೇಲೆ ಕುಸಿದು ಕೂತು ಪಿಸುಗುಟ್ಟಿದ, "ಹೋಗ್ಲಿ ಬಿಡೋ. ಸೋತೆ. ಕಚ್ಚಾನೇ ಇಟ್ಕೊಳೋಣ, ಹಾಕು ನೋಡೋಣ."

ಕಿವಿ ತಿರುಗಲಿಲ್ಲ.

"ಹಾಕೋ."

"ನೀನೇ ಚಿಟಿಕೆ ಹೊಡೆದ್ಯಲ್ಲೋ..." ಎಂದ ಕಿವಿ. ಅಷ್ಟು ದೊಡ್ಡ ಮನುಷ್ಯ, ಹಾಸಿಗೆಗೆ ಮುಖ ಒತ್ತಿಕೊಂಡು ಅತ್ತ.

ರೆಕಾರ್ಡಿಂಗಿನ ಕಂಪ್ಯೂಟರನ್ನು ಹೊತ್ತು ರಿಪೇರಿಯವನ ಹತ್ತಿರ ಓಡಿದರು. ಅವನು ಬಿಚ್ಚಿ ನೋಡಿ, ಅಳಿಸಿದ ಮೇಲೆ ಸುಮ್ಮನಿದ್ದಿದ್ದರೆ ಸಿಗುತ್ತಿತ್ತು, ಅದೇ ಜಾಗದಲ್ಲಿ ಹೊಸದನ್ನು ತುಂಬಿಬಿಟ್ಟಿದ್ದೀರಿ ಎಂದ. ಸೀಳಿದ ದನಿ ಹೋಗಿ ಒಳ್ಳೆಯ ದನಿಯ ಮೇಲೆಯೇ ಕೂತಿತ್ತು.

ಆಪರೇಷನ್ ಆಯಿತು. ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ಬಟ್ಟೆ. ಸಾಹೇಬರು ಕನಿಕರಪಟ್ಟು ನಿಲ್ದಾಣದ ಸಾಮಾನು ಕೊಠಡಿಯಲ್ಲಿ ಕೂರಿಸಿದರು. ಬ್ಯಾಗು ಇಟ್ಟುಕೊಂಡು ಟೋಕನ್ ಕೊಡುವುದಕ್ಕೆ ಮಾತು ಬೇಡ. ಆ ಕೊಠಡಿಯ ಬಾಗಿಲ ಮೇಲೆಯೇ ಒಂದು ಸ್ಪೀಕರು. ಅದರಲ್ಲಿ ದಿನವಿಡೀ ಅವನದೇ ದನಿ, ಆಕಳಿಸಿಕೊಂಡು ಹೇಳಿದ ದನಿ, ಚೂರೂ ಕೆಡದೆ.

ಗೋಡೆಯ ಮೇಲಿನ 'ಬರುತ್ತಿದೆ' ಅಲ್ಲೇ ಇತ್ತು. "ಸುಣ್ಣ ಹೊಡೆದುಬಿಡ್ಲಾ ರೀ?" ಎಂದು ಹೆಂಡತಿ ಕೇಳಿದಳು. ಅವನು ಬೇಡವೆಂದು ಕೈಯಾಡಿಸಿದ. ಅವಳು ಆ ರಸ್ತೆಯನ್ನೇ ಬಿಟ್ಟು ಸುತ್ತು ಹಾಕಿಕೊಂಡು ಕೆಲಸಕ್ಕೆ ಹೋಗತೊಡಗಿದಳು.

ಒಂದು ಸಂಜೆ ಕಿವಿ ಉತ್ಸಾಹದಿಂದ ಬಂದು ಕೈ ಹಿಡಿದು ಎಳೆದುಕೊಂಡು ಹೋದ. ಸಾಹೇಬರನ್ನು ಕಾಡಿ ಬೇಡಿ ನಿಲ್ದಾಣದ ರೆಕಾರ್ಡಿಂಗುಗಳನ್ನೆಲ್ಲ ತಂದಿದ್ದ. "ನಿನ್ನ ದನಿ ಇಷ್ಟು ಉಳಿದಿದೆಯಲ್ಲೋ! ಕತ್ತರಿಸಿ ಜೋಡಿಸಿದ್ರೆ ಒಂದು ಹಾಡಾದ್ರೂ ಆಗುತ್ತೆ." ಕೂತು ಹುಡುಕಿದರು. 'ದಯವಿಟ್ಟು' ಸಿಕ್ಕಿತು. 'ಗಮನಿಸಿ' ಸಿಕ್ಕಿತು. 'ಎಚ್ಚರಿಕೆ', 'ತಡವಾಗಿ', 'ಕೊನೆಯ' ಎಲ್ಲ ಸಿಕ್ಕವು. ಅವನ ಒಂದೊಂದು ಹಾಡೂ 'ನಾನು' ಎಂದು ಶುರುವಾಗುತ್ತಿತ್ತು. ಬಸ್ಸು ಕೂಗುವವನಿಗೆ ನಾನು ಎನ್ನುವ ಪ್ರಸಂಗ ಎಲ್ಲಿ ಬರುತ್ತದೆ? ಅಷ್ಟು ಮಾತಿನಲ್ಲಿ ಅದೊಂದು ಇರಲಿಲ್ಲ. ಕಿವಿ ಎಲ್ಲೆಲ್ಲಿಂದಲೋ ಅಕ್ಷರ ಕಿತ್ತು ತಂದು ಅಂಟಿಸಿದ. ಕೇಳಿದರೆ ಯಾರೋ ಬಿಕ್ಕಿದಂತಿತ್ತು.

ಗುಡುಗಣ್ಣ ಚಿಟಿಕೆ ಹೊಡೆದ.

"ಇಲ್ಲ ಕಣೋ," ಎಂದ ಕಿವಿ. "ಇನ್ನೊಂದ್ಸಲ ಅಳಿಸೋಕೆ ನನ್ನ ಕೈಲಾಗಲ್ಲ."

ಗುಡುಗಣ್ಣ ಬಗ್ಗಿ ಅಳಿಸುವ ಗುಂಡಿಯನ್ನು ತಾನೇ ಒತ್ತಿದ. ಕಿವಿಯ ಬೆನ್ನು ತಟ್ಟಿ, ಮನೆಗೆ ಹೋದ.

ಮರುದಿನ ಬೆಳಗ್ಗೆ ಟೋಕನ್ ಕೊಟ್ಟು ಪೆಟ್ಟಿಗೆ ಬಿಡಿಸಿಕೊಳ್ಳಲು ಬಂದ ಪ್ರಯಾಣಿಕನೊಬ್ಬ, ಸ್ಪೀಕರಿನ ಕಡೆ ಕತ್ತೆತ್ತಿ, "ದನಿ ಚೆನ್ನಾಗಿದೆ, ಅಲ್ವಾ? ಯಾರ್ರೀ ಅವರು?" ಎಂದ.

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಗುಡುಗಣ್ಣನ ಕಣ್ಣು ಅರಳಿತು. ಬಾಯಿ ತೆರೆದ. ಆಮೇಲೆ ಬೆರಳನ್ನು ಎದೆಗೆ ಒತ್ತಿ ತೋರಿಸಿದ. ಇನ್ನೊಮ್ಮೆ, ಜೋರಾಗಿ ಒತ್ತಿದ.

ಆತ ಕತ್ತಿನ ಬಟ್ಟೆಯನ್ನು ನೋಡಿ ಗಾಬರಿಯಾದ. "ಎದೆ ನೋವಾ ಅಣ್ಣ? ಕೂತ್ಕೊಳಿ, ಕೂತ್ಕೊಳಿ. ಡಾಕ್ಟರಿಗೆ ತೋರಿಸಿ, ಸುಮ್ನೆ ಬಿಡಬೇಡಿ" ಎಂದು ಸ್ಟೂಲನ್ನು ಮುಂದಕ್ಕೆ ಸರಿಸಿಕೊಟ್ಟ. ಅಷ್ಟರಲ್ಲಿ ಮೇಲಿನ ಸ್ಪೀಕರು ಆತನ ಬಸ್ಸನ್ನು ಕೂಗಿತು. ಪೆಟ್ಟಿಗೆ ಎತ್ತಿಕೊಂಡು ಓಡಿದ.