ಗಾಡಿಗೆ ಹೊದಿಸಿದ ಕಂಬಳಿ

ಇವತ್ತು ಬೆಳಿಗ್ಗೆ ಎದುರುಮನೆಯ ಮೇಷ್ಟರು ತಮ್ಮ ಮೋಟಾರ್ ಸೈಕಲ್ಲನ್ನು ಒದೆಯುತ್ತಿದ್ದರು. ಯಾರೋ ಓಡಿಸಿ ಸಾಕಾಗಿ ಮಾರಿದ ಗಾಡಿ, ಕೊಂಡು ತಿಂಗಳಾಗಿಲ್ಲ. ಬಿಸಿಲೇರಿದ ಮೇಲೆ ಚೆನ್ನಾಗಿಯೇ ಓಡುತ್ತದೆ, ಚಳಿಯಲ್ಲಿ ಮಾತ್ರ ಏಳಲೊಲ್ಲದು. ಎದ್ದರೂ ನಿಂತಲ್ಲೇ ಕೆಮ್ಮುತ್ತದೆ, ನಡುಗುತ್ತದೆ, ಆರಿಹೋಗುತ್ತದೆ. ಮತ್ತೆ ಒದೆತ. ಹಸಿ ಪೆಟ್ರೋಲಿನ ವಾಸನೆ ಬೀದಿ ದಾಟಿ ನಮ್ಮ ಪಡಸಾಲೆಯವರೆಗೆ ಬಂತು. ನಾನು ದೀಪ ಹಚ್ಚುತ್ತಿದ್ದೆ. ಬೆಂಕಿಕಡ್ಡಿ ಬೆರಳು ಸುಟ್ಟಾಗಲೇ ನನಗೆ ಎಚ್ಚರ.

ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ನಾರಾಯಣಖೇಡದ ಹೆಣ್ಣುಮಕ್ಕಳ ಶಾಲೆಯಲ್ಲಿ ದುಡಿದು ನಿವೃತ್ತಳಾದವಳು ನಾನು. ಏಳುವುದು, ಮೀಯುವುದು, ಉಣ್ಣುವುದು, ಮಲಗುವುದು ಎಲ್ಲಕ್ಕೂ ನನ್ನಲ್ಲಿ ಹೊತ್ತುಂಟು. ತೊಳೆದ ತಟ್ಟೆ ಎಲ್ಲಿರಬೇಕೋ ಅಲ್ಲಿಲ್ಲದಿದ್ದರೆ ಊಟ ರುಚಿಸುವುದಿಲ್ಲ. ಹೀಗೆ ಬದುಕುವವರು ಮನೆಮಂದಿಗೆ ಎಷ್ಟು ಬೇಸರದ ಜೀವಿಗಳು ಎಂಬುದೂ ನನಗೆ ತಿಳಿದಿದೆ. ಈ ಶಿಸ್ತನ್ನು ಶಾಲೆ ಕಲಿಸಿತು ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಅದು ನಿಜವಲ್ಲ. ಇದನ್ನು ಕಲಿಸಿದ್ದು ಒಂದು ಹಳೆಯ ಮೋಟಾರ್ ಸೈಕಲ್, ಮತ್ತು ಒಂದು ನರಿ.

ಆಗ ಇನ್ನೂ ನಿಜಾಮರ ಆಳ್ವಿಕೆ. ದೊಡ್ಡ ಯುದ್ಧ ಮುಗಿದಿತ್ತು. ನಮ್ಮದು ಝರಾಸಂಗಂ ಪಕ್ಕದ ಹಳ್ಳಿ, ಕುರಿ ಸಾಕುವ ಮನೆತನ. ಚಳಿಗಾಲ ಹತ್ತಿದರೆ ಅಪ್ಪ ಹಿಂಡು ಹೊಡೆದುಕೊಂಡು ಮನೂರ್ ಕಡೆಯ ಹೊಲಗಳಿಗೆ ಹೋಗಿಬಿಡುತ್ತಿದ್ದ. ಮನೆಯಲ್ಲಿ ಅವ್ವ, ಅಣ್ಣ ಮಾಳಪ್ಪ, ಇನ್ನೂ ಸಣ್ಣ ಹುಡುಗಿಯಾದ ನಾನು. ಅಣ್ಣ ಯುದ್ಧದಲ್ಲಿ ಮೋಟಾರ್ ಸೈಕಲ್ ಮೇಲೆ ಟಪಾಲು ಒಯ್ಯುವ ಸಿಪಾಯಿಯಾಗಿದ್ದವ. ಊರಿಗೆ ಮರಳುವಾಗ ದಂಡಿನವರು ಬೇಡವೆಂದು ಹರಾಜು ಹಾಕಿದ ಗಾಡಿಯೊಂದನ್ನು ತಂದಿದ್ದ. ಜಹೀರಾಬಾದಿನ ಉಣ್ಣೆ ವ್ಯಾಪಾರಿಯೊಬ್ಬರ ಕೆಲಸಕ್ಕೆ ಅದರ ಮೇಲೆಯೇ ಓಡಾಡುತ್ತಿದ್ದ. ಪೆಟ್ರೋಲಿಗೆ ಚೀಟಿ ಬೇಕಿದ್ದ ಕಾಲ. ತಾಂಡೂರಿನ ಕಲ್ಲುಗಣಿಯಲ್ಲಿ ಲಾರಿ ನಡೆಸುತ್ತಿದ್ದ ಅವನ ಗೆಳೆಯ ಹೇಗೋ ಹೊಂದಿಸಿ ರೈಲಿನಲ್ಲಿ ಡಬ್ಬಿ ಕಳಿಸುತ್ತಿದ್ದ.

ನರಿ ಬಂದದ್ದು ಹಾಡುಹಗಲು. ನರಿ ಕಚ್ಚುವುದಕ್ಕಿಂತ ಅದು ಮನುಷ್ಯರನ್ನು ಕಂಡು ಓಡದಿರುವುದೇ ಹೆಚ್ಚು ಭಯದ ನೋಟ. ಜೋಳದ ಹೊಲದಿಂದ ಹೊರಬಂದು, ತಲೆ ಓರೆ ಮಾಡಿಕೊಂಡು, ಪರಿಚಯದ ನಾಯಿಯಂತೆ ನೆಟ್ಟಗೆ ನನ್ನೆಡೆಗೆ ನಡೆದು ಬಂತು. ಹಿತ್ತಲಲ್ಲಿ ಕಟ್ಟಿದ್ದ ಟಗರಿನ ಮೂತಿಗೆ ಬಾಯಿ ಹಾಕಿತು. ಬಿಡಿಸಲು ಹೋದ ನನ್ನ ಮುಂಗೈಗೂ ಹಲ್ಲೂರಿತು. ಹುಚ್ಚು ನರಿಯೆಂದು ಜನ ಸೇರಿ ಅದನ್ನು ಬಡಿದು ಕೊಂದರು. ಅವ್ವ ಗಾಯಕ್ಕೆ ಖಾರದಪುಡಿ ಒತ್ತಿದಳು. ಯಾರೋ ಬರೆ ಹಾಕಿಸೆಂದರು, ಯಾರೋ ನಾಟಿ ಮದ್ದು ಎಂದರು. ಅಣ್ಣ ಯಾರ ಮಾತನ್ನೂ ಕೇಳದೆ ನನ್ನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಜಹೀರಾಬಾದಿನ ದವಾಖಾನೆಗೆ ಒಯ್ದ.

ಆ ಕಾಲದ ಸೂಜಿಮದ್ದು ಹೊಟ್ಟೆಗೆ, ಹೊಕ್ಕುಳ ಸುತ್ತ, ದಿನಕ್ಕೊಂದರಂತೆ. ಡಾಕ್ಟರ್ ಸಾಹೇಬರು ಸೂಜಿ ಕುದಿಸುತ್ತಲೇ ಅಣ್ಣನಿಗೆ ಹೇಳಿದರು: "ಏಕ್ ದಿನ್ ಭೀ ನಾಗಾ ನಕ್ಕೊ ಕರೋ, ಮಿಯಾ. ಸುಬಹ್ ಕೋ ಸೀಸಾ ಖೋಲ್ತೇ. ಧೂಪ್ ಚಢೇ ತೋ ಫೇಂಕ್ ದೇತೇ." ಒಂದು ದಿನವೂ ತಪ್ಪಬಾರದು. ಸೀಸೆಯನ್ನು ಬೆಳಿಗ್ಗೆ ಒಡೆದರೆ ಬಂದವರಿಗೆಲ್ಲ ಆಗಲೇ ಹಾಕಿ ಮುಗಿಸಬೇಕು, ಬಿಸಿಲೇರಿದ ಮೇಲೆ ಉಳಿದ ಮದ್ದು ಚೆಲ್ಲಿಬಿಡುತ್ತಾರೆ. ಪೇಟೆಯಲ್ಲೇ ಉಳಿಯೋಣವೆಂದರೆ ಆ ಚಳಿಗಾಲ ಅಲ್ಲಿ ಇಲಿ ಬೀಳುತ್ತಿದ್ದವು. ಪ್ಲೇಗಿಗೆ ಹೆದರಿ ಅಲ್ಲಿನವರೇ ಊರ ಹೊರಗೆ ಗುಡಿಸಲು ಹಾಕುತ್ತಿದ್ದರು. ಎತ್ತಿನ ಗಾಡಿಯಲ್ಲಿ ಕೋಳಿ ಕೂಗುವಾಗಲೇ ಹೊರಟರೂ ತಲುಪುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಹೀಗಾಗಿ ನನ್ನ ಜೀವ ಪ್ರತಿ ಬೆಳಿಗ್ಗೆ ಆ ಮೋಟಾರ್ ಸೈಕಲ್ ಏಳುವುದರ ಮೇಲೆ ನಿಂತಿತು.

ಬೆಳಗು ಶುರುವಾಗುತ್ತಿದ್ದುದು ಒಂದು ಚೊಂಬು ನೀರಿನಿಂದ. ಹುಚ್ಚು ಏರಿದವರಿಗೆ ನೀರು ಗಂಟಲಿಗೆ ಇಳಿಯುವುದಿಲ್ಲ, ನೀರು ಕಂಡರೇ ಬೆಚ್ಚುತ್ತಾರೆ ಎಂದು ಊರಿಗೆಲ್ಲ ಗೊತ್ತಿತ್ತು. ಅವ್ವ ಚೊಂಬು ಕೊಟ್ಟು ಎದುರಿಗೆ ಕೂರುತ್ತಿದ್ದಳು. ಅವಳ ಕಣ್ಣು ನನ್ನ ಗಂಟಲ ಮೇಲೆ. ಪಕ್ಕದ ಮನೆಯ ಚಂದ್ರವ್ವ ಗೋಡೆಯಾಚೆಯಿಂದ ಕತ್ತು ಚಾಚಿ, "ಕುಡದಳೇನವಾ?" ಎಂದು ಕೇಳುತ್ತಿದ್ದಳು.

"ಕುಡದಾಳ, ಹೋಗು. ನಿನ್ನ ಹೊಟ್ಟಿಗಿ ತಣ್ಣಗಾತಿಲ್ಲ?" ಎನ್ನುತ್ತಿದ್ದಳು ಅವ್ವ.

ಅವ್ವನ ಕಣ್ಣಿಗೆ ಕಾಣದ ಒಂದು ಸಂಗತಿ ನನಗೆ ಮಾತ್ರ ಗೊತ್ತಿತ್ತು. ಚೊಂಬು ಕೈಗೆ ಬರುತ್ತಲೇ ನನ್ನ ಗಂಟಲು ಬಿಗಿಯುತ್ತಿತ್ತು. ಹೆದರಿಕೆಗೆ ಬಿಗಿಯುತ್ತಿದೆಯೋ, ರೋಗಕ್ಕೋ? ಆ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಯಾರನ್ನು ಕೇಳಲಿ? ಕೇಳಿದರೆ ಕೇಳಿದ್ದೇ ಗುರುತಾಗಿಬಿಟ್ಟರೆ? ಕಣ್ಣು ಮುಚ್ಚಿ ನುಂಗುತ್ತಿದ್ದೆ. ಯಾರಾದರೂ ನನ್ನನ್ನು ಸುಮ್ಮನೆ ದಿಟ್ಟಿಸಿದರೆ ಇಂದಿಗೂ ಮೈ ಬಿಗಿಯುತ್ತದೆ. ಶಾಲೆಯಲ್ಲಿ ಮಕ್ಕಳು ನನ್ನನ್ನು ಸಿಡುಕಿ ಎಂದುಕೊಂಡದ್ದು ಇದಕ್ಕೇ ಇರಬೇಕು.

ನೀರು ಇಳಿದ ಮೇಲೆ ಗಾಡಿಯ ಸರದಿ. ಅಣ್ಣ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ ಮಂತ್ರದ ಹಾಗೆ ಹೇಳಿಸುತ್ತಿದ್ದ: "ನಳ. ಗುಂಡಿ. ಹವಾ. ಕಿಡಿ. ಒದಿ." ಮೊದಲು ಪೆಟ್ರೋಲಿನ ನಳ ತಿರುಗಿಸುವುದು. ಕಾರ್ಬುರೇಟರಿನ ತಲೆಯ ಗುಂಡಿಯನ್ನು ಪೆಟ್ರೋಲು ಜಿನುಗುವವರೆಗೆ ಒತ್ತುವುದು. ಹವಾ ಮುಚ್ಚುವುದು. ಕಿಡಿಯ ಸಣ್ಣ ಹಿಡಿಕೆಯನ್ನು ಹಿಂದಕ್ಕೆ ಎಳೆಯುವುದು, ಇಲ್ಲದಿದ್ದರೆ ಒದೆಯುವ ಕಾಲನ್ನೇ ಗಾಡಿ ತಿರುಗಿ ಒದೆಯುತ್ತದೆ. ಆಮೇಲೆ ಒದೆ. ಒಂದು ಹಿಂದುಮುಂದಾದರೂ ಅಣ್ಣ ಮೊದಲಿನಿಂದ ಹೇಳಿಸುತ್ತಿದ್ದ.

"ನಾ ಹೇಳಿದ್ರ ಅದಕ್ಕೇನ್ ಕೇಳಸ್ತದೇನಣ್ಣ?" ಎಂದು ಒಮ್ಮೆ ಕೇಳಿದೆ.

"ಅದಕ್ಕ ಕೇಳಸಲ್ಲ. ನಿನಗ ಕೇಳಸ್ತದ. ಬಾಯಿಗಿ ಕೆಲಸ ಇದ್ರ ತಲಿ ಸುಮ್ಮನ ಇರ್ತದ."

ಹೀಗೆಂದು ಅವನು ಮತ್ತೆ ನಳದಿಂದ ಶುರು ಮಾಡಿಸಿದ.

ಮೊದಮೊದಲು ಗಾಡಿ ಸ್ವಲ್ಪ ಸತಾಯಿಸಿ ಏಳುತ್ತಿತ್ತು. ಇದನ್ನು ನೋಡಿ ಅವ್ವ ಒಂದು ಸಂಜೆ ತಾನು ಹೊದೆಯುವ ಕರಿ ಕಂಬಳಿಯನ್ನು ತಂದು ಗಾಡಿಗೆ ಹೊದಿಸಿದಳು. ಅಣ್ಣ ನಕ್ಕ.

"ನಗಬ್ಯಾಡೋ," ಎಂದಳು. "ಚಳಿಗಿ ಮರಿ ಮುದುಡಿ ಬಿದ್ರ ಏನ್ ಮಾಡ್ತೀವಿ? ಕಂಬಳಿದಾಗ ಸುತ್ತಿ ಇಟ್ರ ಬೆಳಗ್ಗೆ ತಾನೇ ಎದ್ದು ನಿಲ್ತದ. ಇದಕ್ಕೂ ಜೀವ ಇದ್ದಂಗೇ ಅಲ್ಲೇನು? ಬಿಸಿ ಆಗ್ತದ, ಉಸರಾಡ್ತದ."

ಕುರಿಯವರ ಮನೆಯಲ್ಲಿ ಕಂಬಳಿಯೆಂದರೆ ಹೊದಿಕೆಯಷ್ಟೇ ಅಲ್ಲ. ಹಿರಿಯರು ಬಂದರೆ ಕೂರಿಸುವುದು ಅದರ ಮೇಲೆ, ದೇವರನ್ನಿಡುವುದೂ ಅದರ ಮೇಲೆ. ಅವ್ವ ಅದನ್ನು ಗಾಡಿಗೆ ಕೊಟ್ಟು ತಾನು ಹಳೆಯ ಸೀರೆ ಸುತ್ತಿಕೊಂಡು ಮಲಗಿದಳು. ಅಣ್ಣ ಮತ್ತೆ ನಗಲಿಲ್ಲ. ಅಂದಿನಿಂದ ದಿನವೂ ಗಾಡಿ ಕಂಬಳಿಯೊಳಗೆ ಬೆಚ್ಚಗೆ ಮಲಗಿತು.

ಆದರೆ ಗಾಡಿಯ ಕಾಯಿಲೆ ಏರುತ್ತಲೇ ಹೋಯಿತು. ಎದ್ದ ಮೇಲೆ ನಿಂತಲ್ಲಿ ಒಂದೇ ಸಮ ಗುಡುಗುಡು ಎನ್ನಬೇಕಾದದ್ದು ಬಿಕ್ಕಲು ಹತ್ತಿತು. ಕೈ ಸಡಿಲಿಸಿದರೆ ಸಾಕು, ಆರುತ್ತಿತ್ತು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆತಿದೆಯೋ ಎಂದು ಅಣ್ಣ ಬೆರಳಿಗೆ ಹಚ್ಚಿ ಮೂಸಿದ, ಇರಲಿಲ್ಲ. ಕಿಡಿ ಹಾರಿಸುವ ಪ್ಲಗ್ಗನ್ನು ಬಿಚ್ಚಿದರೆ ಮಸಿ ಹಿಡಿದಿರುತ್ತಿತ್ತು. ತಿಕ್ಕಿ ಅವ್ವನ ಒಲೆಯ ಕೆಂಡದಲ್ಲಿ ಕಾಯಿಸಿ, ಬಿಸಿಬಿಸಿಯಾಗಿರುವಾಗಲೇ ಸೀರೆಯ ತುಂಡಿನಲ್ಲಿ ಹಿಡಿದು ಓಡಿ ಬಂದು ಗಾಡಿಗೆ ತಿರುಗಿಸಿ ಕೂರಿಸುತ್ತಿದ್ದ. ಅಂದಂದಿನ ಮಟ್ಟಿಗೆ ಏಳುತ್ತಿತ್ತು. ಮರುದಿನ ಮತ್ತೆ ಮಸಿ. ಎಲ್ಲಿಂದಲೋ ಉಸಿರು ಕಟ್ಟುತ್ತಿದೆ ಎನ್ನುತ್ತಿದ್ದ. ಬಿಚ್ಚಿ ನೋಡಲು ಧೈರ್ಯವಿರಲಿಲ್ಲ. ಬಿಚ್ಚಿದ್ದು ಕೂಡದೆ ಹೋದರೆ ನಾಳೆಯ ಸೂಜಿಯ ಗತಿ?

ಹಾಗಿರುವಾಗ ಒಂದು ಮುಂಜಾನೆ ಟಗರಿಗೆ ಹುಚ್ಚು ಏರಿತು. ಹಗ್ಗ ಬಿಗಿಯುವಷ್ಟು ಹಿಂದೆ ಸರಿದು ಗೋಡೆಗೆ ಗುಮ್ಮುತ್ತಿತ್ತು. ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು, ಮುಂದಿಟ್ಟ ನೀರನ್ನು ನುಂಗಲಾರದೆ ನೀರೊಳಗೆ ಮೂತಿ ಅದ್ದಿ ನಿಂತಿತ್ತು. ಅದಕ್ಕೂ ನನಗೂ ಕಚ್ಚಿದ್ದು ಒಂದೇ ಬಾಯಿ. ಅವ್ವ ನನ್ನ ಕಣ್ಣಿಗೆ ಸೆರಗು ಅಡ್ಡ ಹಿಡಿದಳು. ಅಷ್ಟರಲ್ಲಿ ನಾನು ನೋಡಿಯಾಗಿತ್ತು.

ಆ ದಿನ ಗಾಡಿ ಏಳಲಿಲ್ಲ. ನಳ, ಗುಂಡಿ, ಹವಾ, ಕಿಡಿ ಎನ್ನುವಾಗ ನನ್ನ ದನಿಯೇ ಹೊರಡದು. ಅಣ್ಣ ಒದ್ದ, ಒದ್ದ. ಪ್ಲಗ್ಗನ್ನು ಮತ್ತೆ ಮತ್ತೆ ಕಾಯಿಸಿದ. ಅಂಗಳದ ಗೋಡೆಯ ಮೇಲೆ ಬಿಸಿಲಿನ ಮೊದಲ ಪಟ್ಟಿ ಬಿತ್ತು. ಅದು ಗೋಡೆಯಿಂದ ಇಳಿಯುವುದನ್ನು ನೋಡುತ್ತ ನಿಂತಿದ್ದೆ. ಗೋಡೆಯಾಚೆ ಚಂದ್ರವ್ವ ಕಂಡಳು. ಇನ್ನೇನು ಕೇಳುತ್ತಾಳೋ ಎಂದುಕೊಂಡರೆ ಅವಳು ಗಂಡನನ್ನು ಕೂಗಿದಳು: "ಏ, ಎದ್ದು ಬರ್ರಿ! ಕಂಬಳಿ ಹೊತಗೊಂಡು ಏನ್ ನೋಡ್ತೀರಿ, ಗಾಡಿ ನೂಕಾಕ ಬರ್ರಿ!" ಓಣಿಯ ಗಂಡಸರೆಲ್ಲ ಬಂದರು. ಅಣ್ಣ ಹತ್ತಿದ, ನಾನು ಹಿಂದೆ. ಹಳ್ಳದ ಇಳಿಜಾರಿನಲ್ಲಿ ದಬ್ಬಿದರು. ಅರ್ಧ ಇಳಿದಾಗ ಗುಕ್ಕೆಂದು ಎದ್ದಿತು.

"ಹಿಡಕೋ. ನಿಂದರಸಲ್ಲ," ಎಂದ ಅಣ್ಣ.

ದಾರಿಯುದ್ದಕ್ಕೂ ಅವನು ವೇಗ ತಗ್ಗಿಸಲಿಲ್ಲ. ಆರಿದರೆ ದಬ್ಬಲು ಅಲ್ಲಿ ಯಾರಿದ್ದರು? ಎದುರು ಬಂದ ದನದ ಹಿಂಡನ್ನು ಬಳಸಿ ಹೊಲದೊಳಗೇ ಹಾಯಿಸಿದ. ನಾನು ಅವನ ಬೆನ್ನಿಗೆ ಮುಖ ಒತ್ತಿ ನಳ, ಗುಂಡಿ, ಹವಾ, ಕಿಡಿ ಎಂದು ಗೊಣಗುತ್ತಿದ್ದೆ. ದವಾಖಾನೆಯ ಬಾಗಿಲಲ್ಲಿ ಕಂಪೌಂಡರ್ ಉಳಿದ ಮದ್ದು ಚೆಲ್ಲಲು ಸೀಸೆ ಹಿಡಿದು ಹೊರಗೆ ಬಂದಿದ್ದ. ಅಣ್ಣ ಗಾಡಿಯನ್ನು ನೆಲಕ್ಕೆ ಬೀಳಬಿಟ್ಟು ಓಡಿ ಅವನ ಕೈ ಹಿಡಿದ. ಆ ದಿನ ಸೂಜಿ ನೋಯಲಿಲ್ಲ.

ಹೊರಗೆ ಬಂದ ಮೇಲೆ ಬೇವಿನ ಮರದಡಿ ಅಣ್ಣ ಕಾರ್ಬುರೇಟರ್ ಬಿಚ್ಚಿದ. ನಾಳೆಯೂ ಹೀಗೇ ಆದರೆ ಎಂಬ ಭಯ ಈಗ ಬಿಚ್ಚುವ ಭಯಕ್ಕಿಂತ ದೊಡ್ಡದಾಗಿತ್ತು. ಗಾಳಿ ಎಳೆಯುವ ಅದರ ಬಾಯಿಗೆ ಇರಬೇಕಾದ, ಕಸ ತಡೆಯುವ ಜಾಳಿಗೆ ಕೊಂಡಾಗಲೇ ಇರಲಿಲ್ಲವಂತೆ. ಆ ಬಾಯಿಯ ಅಂಚಿನಲ್ಲಿ ಸಾಸಿವೆ ಕಾಳೂ ಹಾಯದಂಥ ತೂತು. ಗಾಡಿ ನಿಂತಲ್ಲಿ ಉಸಿರಾಡುವುದು ಅದರಿಂದಲೇ. ಅಣ್ಣ ನನ್ನ ತಲೆಯಿಂದ ಪಿನ್ನು ತೆಗೆದುಕೊಂಡು ಅದರೊಳಗಿಂದ ಏನನ್ನೋ ಎಳೆದ. ಅಂಗೈ ಮೇಲೆ ಇಟ್ಟು ಬಿಸಿಲಿಗೆ ಹಿಡಿದ. ಎಣ್ಣೆ ಕುಡಿದು ಸಿಂಬಿ ಸುತ್ತಿಕೊಂಡ ಕರಿ ಉಣ್ಣೆಯ ಎಳೆಗಳು.

ಅಣ್ಣ ಅವ್ವನ ಕಂಬಳಿಯ ಆ ಎಳೆಗಳನ್ನು ಬೆರಳಲ್ಲಿ ಹೊಸೆದು ಕಿಸೆಗೆ ಹಾಕಿಕೊಂಡ.

"ಅವ್ವಗ ಹೇಳಬ್ಯಾಡ," ಎಂದ.

ಆ ಸಂಜೆ ಅವ್ವ ಕೇಳಿದಳು: "ಏನಾಗಿತ್ತಪಾ ಅದಕ್ಕ?"

"ಪೆಟ್ರೋಲ್‌ದಾಗ ಕಸ ಇತ್ತವ್ವ. ಈಗ ಛಂದ ಆತು."

ಅವ್ವ ಎಂದಿನಂತೆ ಕಂಬಳಿ ತಂದು ಗಾಡಿಯ ಮೇಲೆ ಬಿಚ್ಚಿದಳು. ಅಣ್ಣ ಮೆಲ್ಲಗೆ ಅದನ್ನು ಅವಳ ಕೈಯಿಂದ ತೆಗೆದುಕೊಂಡ. "ಇದಕ್ಕ ಸಾಕವ್ವ. ಇದು ಆರಾಮ ಆಗ್ಯಾದ. ತಂಗಿಗಿ ಹೊದಸು," ಎಂದ. ಅವ್ವ ನನಗೆ ಹೊದಿಸಿ ತಾನೂ ಅದರೊಳಗೆ ಸೇರಿಕೊಂಡಳು. ಮರುದಿನ ಗಾಡಿ ಹಟ ಮಾಡದೆ ಎದ್ದಿತು. ಸೂಜಿಗಳು ಮುಗಿದವು.

ಭಯ ಮುಗಿಯಲಿಲ್ಲ. ಈ ರೋಗ ವರ್ಷಗಳ ಮೇಲೂ ಬರಬಹುದೆಂದು ಯಾರೋ ಅವ್ವನ ಕಿವಿಯಲ್ಲಿ ಹೇಳಿದ್ದರು. ನನ್ನ ಮದುವೆಯ ದಿನ, ಮಗ ಹುಟ್ಟಿದ ದಿನ, ಹಬ್ಬದ ಪಂಕ್ತಿಯಲ್ಲಿ, ನಾನು ಲೋಟ ಎತ್ತಿದರೆ ಅವಳ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. "ಸಾಯಲ್ಲ ಬಿಡಬೇ!" ಎಂದು ರೇಗಿದ್ದೂ ಉಂಟು. ಅವಳ ಕೊನೆಯ ದಿನಗಳಲ್ಲಿ ನಾನು ಚಮಚದಲ್ಲಿ ನೀರು ಹಿಡಿದರೆ ಬಾಯಿ ತೆರೆಯದೆ ತಲೆ ಅಲ್ಲಾಡಿಸಿದಳು. ಬಾಗಿ ಕಿವಿಗೊಟ್ಟೆ. "ನೀ ಮೊದ್ಲ ಕುಡಿ," ಎಂದಳು. ಕುಡಿದೆ. ನನ್ನ ಗಂಟಲನ್ನೇ ನೋಡುತ್ತಿದ್ದವಳು ಆಮೇಲೆ ಬಾಯಿ ತೆರೆದಳು.

ಕಂಬಳಿಯ ವಿಷಯ ಅವಳಿಗೆ ತಿಳಿಯಲೇ ಇಲ್ಲ. ಅಣ್ಣನೂ ಈಗಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಸ್ನಾನದ ಹೊತ್ತು ಮೀರಿತು. ಸೊಸೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. "ಯಾಕ್ರಿ ಅತ್ತಿ? ನೀರು ಕಾಯ್ದು ಆರಿ ಹೋದ್ವು."

"ಆರಲಿ ಬಿಡವಾ," ಎಂದೆ.

ಈ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ಅವಳಿಗೆ ಗಾಬರಿಯಾಗಿರಬೇಕು. ಹತ್ತಿರ ಬಂದು ಹಣೆ ಮುಟ್ಟಿ ನೋಡಿದಳು. ಬೇರೆ ದಿನವಾಗಿದ್ದರೆ ತಲೆ ಕೊಡವುತ್ತಿದ್ದೆ. ಇವತ್ತು ಅವಳು ನೋಡುವಷ್ಟು ಹೊತ್ತು ನೋಡಲಿ ಎಂದು ಸುಮ್ಮನೆ ಕೂತೆ.