ಗುರಿ ತಪ್ಪಿಸುವ ರೂಪಾಲಿ

ಸೊಲ್ಲಾಪುರಕ್ಕೆ ಹೊರಟ ಎಸ್‌ಟಿ ಬಸ್ಸಿನಲ್ಲಿ ಕರಜಗಿಯ ರೂಪಾಲಿ ಕಣ್ಣು ಮುಚ್ಚುವ ವಿಆರ್ ಆಟದ ಕನ್ನಡಕ ಕಟ್ಟಿಕೊಂಡು ಕವಣೆ ಬೀಸುವ ತಾಲೀಮು ನಡೆಸಿದ್ದಳು. ಬೀಸಿದ ಕೈ ಕಂಡಕ್ಟರನಿಗೆ ತಾಗಿತು. ಅವನ ಟೋಪಿ ಹಾರಿ ಮುಂದಿನ ಸೀಟಿನ ಮುದುಕಿಯ ಮೊಸರಿನ ಗಡಿಗೆಯಲ್ಲಿ ಕೂತಿತು.

“ಏ ತಾಯಿ, ತಿಕೀಟ ಕೇಳಿದ್ದಕ್ಕ ಹೊಡಿತೀಯೇನ?”

“ಹೊಡದಿಲ್ರಿ ಕಾಕಾ, ತಪ್ಪಿಸಾಕ ಹೋಗಿದ್ದೆ!”

ಸುಳ್ಳಲ್ಲ. ಅವಳು ಕಟ್ಟಿದ ಆಟದಲ್ಲಿ ಆಡುವವರ ಕೈಯಲ್ಲಿ ಕವಣೆ, ಕಣ್ಣೆದುರು ಕುರಿ ಹಿಂಡು. ಬೇರೆ ಶೂಟಿಂಗ್ ಆಟಗಳಲ್ಲಿ ತಗುಲಿದರೆ ಗೆಲುವು, ಇದರಲ್ಲಿ ತಗುಲಿದರೆ ಸೋಲು. ಕಲ್ಲು ಪಕ್ಕಕ್ಕೆ ಬಿದ್ದು, ಕುರಿ ಬೆದರಿ ದೊಡ್ಡಿಯತ್ತ ಹೊರಳಬೇಕು. ಗುರಿ ತಪ್ಪಿದರಷ್ಟೇ ಕುರಿ ದಕ್ಕುತ್ತದೆ. ಅಕ್ಕಲಕೋಟೆಯ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಪುಢಾರಿಗಳ ಫೋಟೋದ ಮೀಸೆ ಕಪ್ಪು ಮಾಡಿ, ಮುಖಕ್ಕೆ ನಗು ಅಂಟಿಸುವುದು ರೂಪಾಲಿಯ ಕಸುಬು. ಬಿಡುವಾದಾಗ ಅದೇ ಕಂಪ್ಯೂಟರಿನಲ್ಲಿ ಎರಡು ವರ್ಷ ಕುರಿ ಮೇಯಿಸಿದ್ದಳು. ಇವತ್ತು ಸೊಲ್ಲಾಪುರದ ಕಂಪ್ಯೂಟರ್ ಆಟಗಳ ಸ್ಪರ್ಧೆಯಲ್ಲಿ ಆಯ್ಕೆಯಾದರೆ ಆಟ ಪುಣೆಯ ಪ್ರದರ್ಶನಕ್ಕೆ ಹೋಗುತ್ತದೆ.

ತೀರ್ಪುಗಾರ ಸಿದ್ದರಾಮಪ್ಪ ಕಂಪ್ಯೂಟರ್ ಕ್ಲಾಸಿನ ಮಾಲೀಕರು. ಕನ್ನಡಕ ಕಟ್ಟಿಕೊಂಡು, ಮೊದಲ ಕಲ್ಲಿಗೇ ಒಂದು ಕುರಿಯ ನೆತ್ತಿಗೆ ಹೊಡೆದು ಹಿಗ್ಗಿದರು. ಕುರಿ ಕುಸಿದು ಕೂತಿತು. ಉಳಿದವು ಅದರ ಸುತ್ತ ನಿಂತು ಕದಲಲಿಲ್ಲ. ‘ಸೋತಿರಿ’ ಎಂದಿತು ಪರದೆ. ಸಭೆ ಗೊಳ್ಳೆಂದಿತು.

“ಆಟ ಕೆಟ್ಟೈತಿ!” ಎಂದು ಗುಡುಗಿದರು. “ಬಂದೂಕಿಲ್ಲ, ರಕ್ತ ಇಲ್ಲ. ಕುರಿ ತಗದು ಭೂತ ಹಾಕು, ಹೊಡದವ್ರಿಗಿ ಮಾರ್ಕ್ ಕೊಡು. ಆಗ ಪುಣೆಕ್ಕ ಕಳಸ್ತೀನಿ.”

ರೂಪಾಲಿಗೆ ಮೈಯೆಲ್ಲ ಉರಿಯಿತು.

“ನಮ್ಮ ಮನ್ಯಾಗ ಕೈತಪ್ಪಿ ಕುರಿಗಿ ಕಲ್ಲ ಬಿದ್ರ, ಅಪ್ಪ ಬಿರೋಬಾ ದೇವ್ರ ಮುಂದ ಹಣಿಗಿ ಅರಿಷಿಣದ ಭಂಡಾರ ಹಚಗೊಂಡು ಗಲ್ಲ ಬಡ್ಕೋತಾನ್ರಿ! ಸಾಲಿ ಕಲೀಲಾರದ ಕುರಿ ಕಾಯಾಂವ. ನೀವು ಕುರಿ ನೆತ್ತಿ ಒಡದು ಮಾರ್ಕ್ ಕೇಳ್ತೀರಿ? ಆಟ ಕೆಟ್ಟಿಲ್ರಿ ಸರ. ನಿಮ್ಮ ಕೈ ಕೆಟ್ಟೈತಿ!”

ಲ್ಯಾಪ್‌ಟಾಪ್ ಮಡಚಲು ಹೋದಳು.

“ತಡಿಯವಾ,” ಎಂದು ಅದನ್ನು ಹಿಡಿದುಕೊಂಡರು ಸಿದ್ದರಾಮಪ್ಪ. ಸೋತದ್ದು ಕುಟುಕುತ್ತಿತ್ತಲ್ಲ! ಈ ಸಲ ಕಲ್ಲು ಪಕ್ಕಕ್ಕೆ ಹಾಕಿದರು. ಒಂದು ಕುರಿ ಹೊರಳಿತು, ಆಮೇಲೆ ಮತ್ತೊಂದು. ಹಿಂಡು ದೊಡ್ಡಿ ಸೇರುವಷ್ಟರಲ್ಲಿ ಅವರು ಖುರ್ಚಿಯ ತುದಿಗೆ ಬಂದು “ಹೇ, ಹುರ್ರ್!” ಎಂದು ಕೂಗುತ್ತಿದ್ದರು. ಆಟವನ್ನು ಇದ್ದಂತೆಯೇ ಪುಣೆಗೆ ಕಳುಹಿಸುವುದಾಗಿ ಮೈಕಿನಲ್ಲೇ ಸಾರಿದರು. ಆಮೇಲೆ ರೂಪಾಲಿಯ ಕಡೆ ತಿರುಗಿದರು.

“ಇಂಥಾ ದಯಾ, ಇಂಥಾ ಅಹಿಂಸಾ! ಹೇಳವಾ, ಕುರಿ ಕೊಲ್ಲಬಾರದು ಅನ್ನೋ ವಿಚಾರ ನಿನಗ ಹೆಂಗ ಹೊಳೀತು?”

ರೂಪಾಲಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಸತ್ತ ಕುರಿ ಮಾಡಾಕ ಬರಲಿಲ್ರಿ. ಎಷ್ಟ ಸಲ ಮಾಡಿದ್ರೂ ನಕ್ಕಂಗ ಕಾಣತಿತ್ತು.”